ಫೋರ್ ಟ್ವೆಂಟಿ ಲೈಟು

ಮೊದಲ ಭೇಟಿಯಲ್ಲೇ ಅವಳು ನನ್ನನ್ನು ಫೋರ್ ಟ್ವೆಂಟಿ ಅಂದಳು. ಹಾಗಂತ ನಾನು ತಿಳಿದುಕೊಂಡೆ.

ಜಾಗ, ನಾಯಂಡಹಳ್ಳಿಯ ಬೈರಪ್ಪನವರ ಗ್ಯಾರೇಜು. ಆಯುಧ ಪೂಜೆಗೆ ಇನ್ನೂ ಎರಡು ವಾರ ಇದ್ದ ಒಂದು ಶನಿವಾರದ ಮಧ್ಯಾಹ್ನ. ನಮ್ಮ ಹನ್ನೊಂದು ವರ್ಷದ ಬೆಳ್ಳಿ ಬಣ್ಣದ ಕಾರಿನ ಡ್ರೈವರ್ ಸೀಟಿನಲ್ಲಿ ಅವಳು ಕೂತಿದ್ದಳು. ತೆರೆದ ಬಾಗಿಲು ಹಿಡಿದುಕೊಂಡು ನಾನು ನಿಂತಿದ್ದೆ. ಸ್ಟೇರಿಂಗ್ ಕೆಳಗೆ ಒಂದು ವೈರು ಸಿಕ್ಕಿಸಿ, ಕೈಯಲ್ಲಿದ್ದ ಸ್ಕ್ಯಾನರ್ ನೋಡಿ, ಆಮೇಲೆ ತಲೆಯೆತ್ತಿ ನನ್ನನ್ನೇ ನೋಡುತ್ತ ಹೇಳಿದಳು.

“ಫೋರ್ ಟ್ವೆಂಟಿ.”

“ಏನಂದ್ರಿ?”

“ಫೋರ್ ಟ್ವೆಂಟಿ ಸಾರ್. ಒಳಗೆ ಬರ್ತಿದ್ದಂಗೇ ನಂಗೆ ಡೌಟ್ ಬಂತು.”

ನನಗೆ ಸರ್ರನೆ ಕೋಪ ಬಂತು. ಮೂವತ್ತೆರಡು ವರ್ಷದ ಮರ್ಯಾದಸ್ಥ ನಾನು. “ನೋಡಿ ಮೇಡಂ, ನಾನು ಪಿಯು ಕಾಲೇಜಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಇವತ್ತಿನವರೆಗೂ ಯಾರಿಗೂ ಮೋಸ ಮಾಡಿದೋನಲ್ಲ. ಮಾತು ಸ್ವಲ್ಪ ನೋಡ್ಕೊಂಡು ಆಡಿ.”

ಅವಳು ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಸ್ಕ್ಯಾನರನ್ನು ನನ್ನ ಕಡೆ ತಿರುಗಿಸಿದಳು. ಪರದೆಯ ಮೇಲೆ ದೊಡ್ಡದಾಗಿ ಪಿ ಸೊನ್ನೆ ನಾಲ್ಕು ಎರಡು ಸೊನ್ನೆ ಅಂತ ಇತ್ತು.

“ಕಂಪ್ಲೇಂಟಿನ ಕೋಡ್ ನಂಬರ್ ಸಾರ್ ಅದು. ನಿಮಗಲ್ಲ, ಗಾಡಿಗೆ ಹೇಳಿದ್ದು.”

ನಗು ತಡೆಯಲು ಅವಳು ಕೆಳತುಟಿ ಕಚ್ಚಿಕೊಂಡಳು. ತುಟಿ ನಿಂತಿತು, ಕಣ್ಣು ನಿಲ್ಲಲಿಲ್ಲ. ಎಡಹುಬ್ಬಿನ ತುದಿಯಲ್ಲಿ ಗ್ರೀಸ್ ಮೆತ್ತಿಕೊಂಡಿತ್ತು. ಆ ಹುಬ್ಬು ಮಾತ್ರ ಮೇಲೆ ಹೋಗಿ ಅಲ್ಲೇ ನಿಂತುಕೊಂಡಿತು. ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ, ನಾನು ಆ ಹುಬ್ಬನ್ನೇ ನೋಡುತ್ತ ನಿಂತೆ.

“ಕೋಡ್ ಇದೆ. ಆದ್ರೆ ಚೆಕ್ ಎಂಜಿನ್ ಲೈಟ್ ಎಲ್ಲಿ ಸಾರ್? ಡ್ಯಾಶ್‌ಬೋರ್ಡಲ್ಲಿ ಕಾಣ್ತಾನೇ ಇಲ್ಲ.”

ಹೇಳಲೇಬೇಕಾಯಿತು. “ಬಿಂದಿ ಕೆಳಗಿದೆ.”

“ಏನ್ ಕೆಳಗೆ?”

“ಬಿಂದಿ. ಆ ಹಳದಿ ದೀಪ ನೋಡಿದ್ರೆ ನಮ್ಮಮ್ಮಂಗೆ ಎದೆ ಡವಡವ ಅನ್ನುತ್ತಂತೆ. ಅದಕ್ಕೆ ಅದರ ಮೇಲೆ ಸ್ಟಿಕ್ಕರ್ ಬಿಂದಿ ಅಂಟಿಸಿಬಿಟ್ಟಿದ್ದಾರೆ.”

ಈ ಸಲ ಅವಳಿಗೆ ತುಟಿ ಕಚ್ಚಿಕೊಳ್ಳಲೂ ಆಗಲಿಲ್ಲ. ಇಡೀ ಗ್ಯಾರೇಜು ತಿರುಗಿ ನೋಡುವ ಹಾಗೆ ನಕ್ಕಳು. ಆ ದೊಡ್ಡ ಕೆಂಪು ಬಿಂದಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದಳು. ಕೆಳಗೆ ಹಳದಿ ಲೈಟು ಎಂದಿನಂತೆ ಉರಿಯುತ್ತಿತ್ತು. ಬಿಂದಿಯನ್ನು ಎಲ್ಲಿಟ್ಟಳೋ ನಾನು ನೋಡಲಿಲ್ಲ. ನಾನು ನಗುವನ್ನು ನೋಡುತ್ತಿದ್ದೆ.

ಅವಳ ಹೆಸರು ರಮ್ಯಶ್ರೀ. ಬೈರಪ್ಪನವರ ಒಬ್ಬಳೇ ಮಗಳು. ಡಿಪ್ಲೊಮಾ ಮುಗಿಸಿ ಆರು ವರ್ಷದಿಂದ ಅಪ್ಪನ ಗ್ಯಾರೇಜಿನಲ್ಲೇ ಕೆಲಸ. ಜೊತೆಗೆ ದೊಡ್ಡಪ್ಪನ ಮಗ ಭೈರೇಶ್. ಅವನೂ ಬಂದು ಸ್ಕ್ಯಾನರ್ ಇಣುಕಿ ನೋಡಿದ.

“ಫೋರ್ ಟ್ವೆಂಟಿನಾ? ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ ಸಾರ್. ಚೇಂಜ್ ಮಾಡಿಸ್ಬಿಡಿ, ತಲೆನೋವೇ ಬೇಡ.”

ಮನೆ ಹತ್ತಿರದ ಗ್ಯಾರೇಜಿನಲ್ಲೂ ಇದನ್ನೇ ಹೇಳಿದ್ದರು. ಕನ್ವರ್ಟರ್ ಅಂದರೆ ಸೈಲೆನ್ಸರಿನ ದಾರಿಯಲ್ಲಿ ಕೂತಿರುವ ಒಂದು ಉಕ್ಕಿನ ಡಬ್ಬಿ. ಎಂಜಿನ್ ಉಗುಳುವ ವಿಷದ ಹೊಗೆಯನ್ನು ಸಭ್ಯ ಹೊಗೆಯಾಗಿಸಿ ಆಚೆ ಕಳಿಸುವುದು ಅದರ ಕೆಲಸ. ನಾನು ಒಂಬತ್ತು ವರ್ಷದಿಂದ ಅದರ ಬಗ್ಗೆ ಪಾಠ ಮಾಡುತ್ತಿದ್ದೇನೆ. ಒಂದು ಸಲವೂ ಕಣ್ಣಲ್ಲಿ ನೋಡಿರಲಿಲ್ಲ.

“ಕನ್ವರ್ಟರ್ ಕೆಲಸ ಮಾಡ್ತಿಲ್ಲ ಅನ್ನೋ ಅನುಮಾನ ಅಷ್ಟೇ ಅಣ್ಣ ಈ ಕೋಡು,” ಅಂದಳು ರಮ್ಯಶ್ರೀ. “ಅನುಮಾನ ಬಂದ ತಕ್ಷಣ ಯಾರನ್ನಾದ್ರೂ ಮನೆಯಿಂದ ಆಚೆ ಹಾಕ್ತಾರಾ? ಒಂದ್ಸಲ ವಿಚಾರಿಸ್ಬೇಕಲ್ವಾ?”

ಸ್ಕ್ಯಾನರಿನಲ್ಲಿ ಎರಡು ಗೆರೆ ತೋರಿಸಿದಳು. “ಮೇಲಿನದು ಕನ್ವರ್ಟರ್ ಮುಂದೆ ಹೊಗೆ ಅಳೆಯೋ ಸೆನ್ಸರ್. ಅದು ಹೀಗೆ ಕುಣೀತಾನೇ ಇರ್ಬೇಕು. ಕೆಳಗಿನದು ಕನ್ವರ್ಟರ್ ಹಿಂದೆ ಇರೋದು. ಮಧ್ಯೆ ಕೆಲಸ ಸರಿಯಾಗಿ ನಡೆದಿದ್ರೆ ಇದು ಸುಮ್ನೆ ಮಲಗಿರುತ್ತೆ. ಈಗ ನೋಡಿ, ಇದೂ ಕುಣೀತಿದೆ. ಇದು ಯಾಕೆ ಕುಣೀತಿದೆ ಅಂತ ಕಂಡುಹಿಡೀಬೇಕು. ಗಾಡಿ ಇಲ್ಲೇ ಬಿಟ್ಟು ಹೋಗಿ. ಬೆಳಿಗ್ಗೆ ಎಂಜಿನ್ ತಣ್ಣಗಿರೋವಾಗ ನೋಡ್ತೀನಿ. ಬಿಸಿ ಆದ್ಮೇಲೆ ಕಬ್ಬಿಣ ಹಿಗ್ಗಿ ಸಣ್ಣ ಬಿರುಕೆಲ್ಲಾ ಮುಚ್ಕೊಂಡುಬಿಡುತ್ತೆ.”

“ಬೆಳಿಗ್ಗೆ ನಾನೂ ಬರ್ಲಾ?” ಅಂತ ಕೇಳಿದೆ. ಯಾಕೆ ಕೇಳಿದೆನೋ.

“ಬನ್ನಿ. ಗಾಡಿ ನಿಮ್ಮದು,” ಅಂದಳು.

ಹೊರಡುವಾಗ ಗೋಡೆಯ ಮೇಲೆ ಒಂದು ಕಪ್ಪು ತಗಡು ಕಂಡಿತು. ಅದರ ಮೇಲೆ ಸೀಮೆಸುಣ್ಣದಲ್ಲಿ ಎರಡು ಹೆಸರು. ‘ಭೈರೇಶ’ನ ಕೆಳಗೆ ಒಂಬತ್ತು ಗೆರೆ. ‘ರಮ್ಯ’ಳ ಕೆಳಗೆ ಒಂದೂ ಇಲ್ಲ. ನಾನು ಮೇಷ್ಟ್ರು ನೋಡಿ, ಗೆರೆ ಅಂದರೆ ಅಂಕ ಅಂತಲೇ ನನ್ನ ತಲೆಗೆ ಹೊಳೆಯುವುದು. ಅಯ್ಯೋ ಪಾಪ, ಇಷ್ಟು ಬುದ್ಧಿವಂತೆಗೆ ಒಂದು ಗೆರೆಯನ್ನೂ ಕೊಟ್ಟಿಲ್ಲವಲ್ಲ ಈ ಅಪ್ಪ, ಅಂದುಕೊಂಡು ಮೆಟ್ರೋ ಹತ್ತಿದೆ.

ನಿಮಗೆ ಮಾತ್ರ ಈಗಲೇ ನಿಜ ಹೇಳಿಬಿಡುತ್ತೇನೆ, ನನ್ನ ಹಾಗೆ ನೀವು ಹೆಡ್ಡರಾಗುವುದು ಬೇಡ. ಆ ಗೆರೆ ಮೆಚ್ಚುಗೆಯದಲ್ಲ. ರಿಪೇರಿಯಾಗಿ ಹೋದ ಗಾಡಿ ಅದೇ ಕಂಪ್ಲೇಂಟಿಗೆ ವಾಪಸ್ ಬಂದರೆ, ಕೆಲಸ ಮಾಡಿದವರ ಹೆಸರಿನ ಕೆಳಗೆ ಬೈರಪ್ಪನವರು ಒಂದು ಗೆರೆ ಎಳೆಯುತ್ತಿದ್ದರು. ಮಂಡಿನೋವು, ಈ ದಸರಾಕ್ಕೆ ಗ್ಯಾರೇಜು ಬಿಟ್ಟುಕೊಡಬೇಕು ಅಂತ ಅವರು ನಿರ್ಧಾರ ಮಾಡಿದ್ದರು. ‘ಹೆಣ್ಣುಮಗಳ ಕೈಗೆ ಗ್ಯಾರೇಜಾ’ ಅಂತ ನೆಂಟರೆಲ್ಲ ಮೂಗು ಮುರಿದಾಗ ಅವರೇ ಒಂದು ಮಾತು ಕೊಟ್ಟಿದ್ದರು. ಯುಗಾದಿಯಿಂದ ಆಯುಧ ಪೂಜೆಯವರೆಗೆ ಮಗಳ ಹೆಸರಿನ ಕೆಳಗೆ ಒಂದೇ ಒಂದು ಗೆರೆ ಬೀಳದಿದ್ದರೆ ಬೀಗದ ಕೈ ಅವಳಿಗೆ. ಬಿದ್ದರೆ ಭೈರೇಶನಿಗೆ. ಆರು ತಿಂಗಳಿಂದ ಆ ತಗಡನ್ನು ಅವಳು ಖಾಲಿ ಉಳಿಸಿಕೊಂಡು ಬಂದಿದ್ದಳು. ನನಗೆ ಇದು ಯಾವುದೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೇ ಹೋದೆ. ಅಮ್ಮ ಬಾಗಿಲಲ್ಲಿ ನಿಂತು, “ಗ್ಯಾರೇಜಿಗೆ ಇಸ್ತ್ರಿ ಶರ್ಟ್ ಯಾಕೋ?” ಅಂತ ಕೇಳಿದರು. ನಾನು ಕೇಳಿಸದವನ ಹಾಗೆ ಮೆಟ್ಟಿಲಿಳಿದೆ.

ಅವಳು ಎಂಜಿನ್ ಸ್ಟಾರ್ಟ್ ಮಾಡಿಸಿ ಬಾನೆಟ್ ಹತ್ತಿರ ತಲೆ ಬಾಗಿಸಿ ನಿಂತಳು. ಜಡೆಯನ್ನು ಶರ್ಟಿನ ಒಳಗೆ ತುರುಕಿಕೊಂಡಿದ್ದಳು. ಕಣ್ಣು ಮುಚ್ಚಿತ್ತು. ಮೈಸೂರು ರೋಡಿನ ಬಸ್ಸು, ಲಾರಿ, ಮೇಲೆ ಮೆಟ್ರೋ, ಪಕ್ಕದ ಗೋಡೌನಿನಲ್ಲಿ ಕಬ್ಬಿಣ ಇಳಿಸುವ ಸದ್ದು. ಅಷ್ಟರ ನಡುವೆ ಅವಳು ಒಂದೇ ಒಂದು ಸದ್ದಿಗೆ ಕಾದಿದ್ದಳು.

“ಕೇಳಿಸ್ತಾ?”

“ಇಲ್ಲ.”

“ಇಲ್ಲಿ ಬನ್ನಿ. ಇನ್ನೂ ಹತ್ರ. ಟಿಕ್ ಟಿಕ್ ಟಿಕ್ ಅಂತ. ಗೋಡೆ ಹಿಂದೆ ಗಡಿಯಾರ ಇಟ್ಟಂಗೆ.”

ಇನ್ನೂ ಹತ್ತಿರ ಹೋದೆ. ನನಗೆ ಕೇಳಿಸಿದ್ದು ನನ್ನ ಎದೆಯ ಸದ್ದು, ಅದು ಟಿಕ್ ಟಿಕ್‌ಗಿಂತ ಜೋರಾಗಿತ್ತು. ಆದರೂ “ಹ್ಞಾಂ, ಕೇಳಿಸ್ತು” ಅಂದೆ.

“ಸುಳ್ಳು,” ಅಂದಳು, ಕಣ್ಣು ತೆರೆಯದೆ.

ಒಳಗಿನ ಹೊಗೆ ಬಿರುಕಿದ್ದಲ್ಲಿ ಹೊರಬರಲಿ ಅಂತ ಸೈಲೆನ್ಸರಿನ ಬಾಯಿಗೆ ದಪ್ಪ ಬಟ್ಟೆಯ ಉಂಡೆ ಒತ್ತಿ ಹಿಡಿಯಲು ನನಗೆ ಹೇಳಿ, ಅವಳು ಗಾಡಿಯ ಕೆಳಗೆ ಜಾರಿದಳು. ಸೋಪಿನ ನೀರು ತುಂಬಿದ ಸ್ಪ್ರೇ ಬಾಟಲಿಯಿಂದ ಪೈಪಿನ ಒಂದೊಂದು ಜಾಯಿಂಟಿಗೂ ಹೊಡೆಯುತ್ತ ಹೋದಳು. ಐದು ನಿಮಿಷ ಏನೂ ಇಲ್ಲ. ಆಮೇಲೆ ಕೆಳಗಿಂದ ದನಿ ಬಂತು.

“ಸಾರ್! ಸಿಕ್ಕಿದ! ಬಗ್ಗಿ ನೋಡಿ ಬೇಗ!”

ಇಸ್ತ್ರಿ ಶರ್ಟಿನಲ್ಲೇ ನೆಲಕ್ಕೆ ಒರಗಿ ನೋಡಿದೆ. ಎಂಜಿನ್ನಿನಿಂದ ಬರುವ ಪೈಪು ಕನ್ವರ್ಟರಿಗೆ ಸೇರುವ ಕಡೆ, ಸಂದು ಮುಚ್ಚುವ ಗ್ಯಾಸ್ಕೆಟ್ ಅಂಚಿನಲ್ಲಿ, ಸೋಪಿನ ನೊರೆಯಿಂದ ಒಂದು ಗುಳ್ಳೆ ಉಬ್ಬುತ್ತಿತ್ತು. ದೊಡ್ಡದಾಯಿತು, ಒಡೆಯಿತು, ಇನ್ನೊಂದು ಬಂತು. ಕೂದಲೆಳೆಯಷ್ಟು ಬಿರುಕು. ಗಾಡಿ ಓಡುವಾಗ ಅಲ್ಲಿಂದಲೇ ಹೊರಗಿನ ಗಾಳಿ ಒಳಗೆ ಸೇರಿಕೊಂಡು, ಹಿಂದಿನ ಸೆನ್ಸರಿನ ಲೆಕ್ಕ ತಪ್ಪಿಸಿ, ಕನ್ವರ್ಟರ್ ಕೆಟ್ಟಿದೆ ಅನ್ನಿಸಿಬಿಟ್ಟಿತ್ತು. ಎಲ್ಲರೂ ಬದಲಾಯಿಸಿ ಅಂದ ಡಬ್ಬಿಗೆ ಏನೂ ಆಗಿರಲಿಲ್ಲ.

“ಲೈಟ್ ಸುಳ್ಳು ಹೇಳಿಲ್ಲ ಸಾರ್. ಪಾಪ, ಅದಕ್ಕೆ ಹಂಗೆ ಕಾಣ್ಸಿದೆ,” ಅಂದಳು. ಕೆನ್ನೆ ಮೇಲೆ ಸೋಪಿನ ನೊರೆ. ಕಣ್ಣಲ್ಲಿ ಹಬ್ಬ. ನಾನು ಎಷ್ಟೋ ಜಾಣರನ್ನು ನೋಡಿದ್ದೇನೆ, ಆದರೆ ಒಂದು ಗುಳ್ಳೆ ಕಂಡು ಇಷ್ಟು ಸಂತೋಷಪಟ್ಟವರನ್ನು ನೋಡಿರಲಿಲ್ಲ. ಅಲ್ಲೇ, ಆ ಎಣ್ಣೆಯ ನೆಲದ ಮೇಲೆ ಬಿದ್ದುಕೊಂಡೇ, ನಾನು ಸೋತುಹೋದೆ.

ಗ್ಯಾಸ್ಕೆಟ್ ಬದಲಾಯಿಸಿದ ಮೇಲೆ ಟೀ ಬಂತು. “ಸಾರ್, ನೀವು ಕೆಮಿಸ್ಟ್ರಿ ಅಲ್ವಾ? ಆ ಡಬ್ಬಿ ಒಳಗೆ ನಿಜವಾಗ್ಲೂ ಏನಾಗುತ್ತೆ? ಹೊರಗಿನದೆಲ್ಲಾ ಗೊತ್ತು ನಂಗೆ. ಒಳಗಿನದು ಯಾರೂ ಸರಿಯಾಗಿ ಹೇಳಿಲ್ಲ.”

ತಗಡಿನ ಕೆಳಗಿದ್ದ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಸಮೀಕರಣ ಬರೆದೆ. ವಿಷದ ಕಾರ್ಬನ್ ಮೊನಾಕ್ಸೈಡ್ ಬರುತ್ತೆ, ಪ್ಲಾಟಿನಂ ಮೇಲೆ ಕೂರುತ್ತೆ, ಆಮ್ಲಜನಕ ಸಿಗುತ್ತೆ, ಬೇರೆಯೇ ಆಗಿ ಎದ್ದು ಹೋಗುತ್ತೆ. ಅವಳು ಟೀ ಲೋಟ ಮರೆತು ಮೊಣಕಾಲ ಮೇಲೆ ಗಲ್ಲ ಇಟ್ಟುಕೊಂಡು ಕೇಳಿದಳು. ನನ್ನ ಅರವತ್ತು ವಿದ್ಯಾರ್ಥಿಗಳಲ್ಲಿ ಒಬ್ಬರೂ ಒಂದು ದಿನವೂ ಹಾಗೆ ಕೇಳಿಲ್ಲ.

“ಮತ್ತೆ ಆ ಪ್ಲಾಟಿನಂಗೆ ಏನಾಗುತ್ತೆ?”

“ಏನೂ ಆಗಲ್ಲ. ಹಾಗೇ ಇರುತ್ತೆ. ಅದಕ್ಕೇ ಅದನ್ನ ಕ್ಯಾಟಲಿಸ್ಟ್ ಅನ್ನೋದು.”

“ಇಷ್ಟೆಲ್ಲಾ ಮಾಡ್ಸಿ, ತನಗೇನೂ ಆಗೇ ಇಲ್ಲ ಅನ್ನೋಹಂಗೆ ಕೂತಿರುತ್ತಾ? ಒಳ್ಳೇ ಕಳ್ಳ.” ಹಾಗಂದು ನನ್ನ ಕಡೆ ಒಂದು ನೋಟ ಬಿಟ್ಟು, ತಕ್ಷಣ ಲೋಟಕ್ಕೆ ಕಣ್ಣು ಇಳಿಸಿದಳು. ಆ ನೋಟವನ್ನು ನಾನು ಮನೆಗೆ ಕೊಂಡೊಯ್ದೆ.

ಹೊರಡುವ ಮೊದಲು ಬಾನೆಟ್ ಎತ್ತಿ ಒಂದು ಕಪ್ಪು ಕನೆಕ್ಟರ್ ತೋರಿಸಿದಳು. “ಇದು ಹಿಂದಿನ ಸೆನ್ಸರ್‌ದು. ನೀರು ಹೊಡೆದು ತೊಳೆಯೋವಾಗ ಹುಷಾರು ಸಾರ್. ಇದು ಲೂಸಾದ್ರೂ ಲೈಟ್ ಬರುತ್ತೆ.”

ಆ ಮಾತನ್ನು ಅವಳು ಹೇಳಬಾರದಿತ್ತು.

ಮುಂದಿನ ಹತ್ತು ದಿನ ಲೈಟು ಬರಲಿಲ್ಲ. ದರಿದ್ರದ್ದು, ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದಳು. ಬೆಳಿಗ್ಗೆ ಕೀ ತಿರುಗಿಸಿದಾಗ ಎಲ್ಲ ದೀಪಗಳೂ ಒಮ್ಮೆ ಹತ್ತುತ್ತವಲ್ಲ, ಆ ಎರಡು ಸೆಕೆಂಡು ನನಗೆ ಆಸೆ ಹುಟ್ಟುತ್ತಿತ್ತು. ಆಮೇಲೆ ಆರಿಹೋಗುತ್ತಿತ್ತು. ಆರ್‌ಪಿಸಿ ಲೇಔಟಿನ ನಮ್ಮ ಮನೆ ಮುಂದೆ ಗಾಡಿಯಲ್ಲಿ ಸುಮ್ಮನೆ ಕೂತು ಡ್ಯಾಶ್‌ಬೋರ್ಡ್ ದಿಟ್ಟಿಸುವ ನನ್ನನ್ನು ಅಮ್ಮ ಕಿಟಕಿಯಿಂದ ನೋಡುತ್ತಿದ್ದರು.

“ಅನೀ, ಲೈಟ್ ಹೋಯ್ತಲ್ಲೋ. ಮತ್ತೆ ಯಾಕೋ ಮುಖ ಹಂಗೆ?”

“ಲೈಟ್ ಹೋಯ್ತಲ್ಲಮ್ಮ, ಅದಕ್ಕೇ.”

ಅಮ್ಮ ನನ್ನ ಹಣೆ ಮುಟ್ಟಿ ನೋಡಿದರು.

ಫೋನ್ ಮಾಡಬಹುದಿತ್ತು. ಆಯಿಲ್ ಬದಲಾಯಿಸಬೇಕು ಅನ್ನಬಹುದಿತ್ತು. ಪ್ರೇಮದಲ್ಲಿ ಬಿದ್ದ ಮೇಷ್ಟರಿಗೆ ಸರಳವಾದದ್ದು ಹೊಳೆಯುವುದಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಆ ಖಾಲಿ ತಗಡು. ಗಾಡಿ ಮತ್ತೆ ತೆಗೆದುಕೊಂಡು ಹೋದರೆ ಅವಳನ್ನೂ ನೋಡಿದ ಹಾಗಾಯಿತು, ಅವಳಿಗೊಂದು ಗೆರೆಯೂ ಸಿಕ್ಕಿದ ಹಾಗಾಯಿತು. ಬಾನೆಟ್ ಎತ್ತಿ ಆ ಕಪ್ಪು ಕನೆಕ್ಟರನ್ನು ಕಿತ್ತೆ. ಎರಡು ದಿನ ಓಡಿಸಿದ ಮೇಲೆ ಹಳದಿ ದೀಪ ಹೊತ್ತಿಕೊಂಡಿತು. ನಾನು ಸ್ಟೇರಿಂಗಿಗೆ ಕೈಮುಗಿದೆ.

ಅದು ಆಯುಧ ಪೂಜೆಯ ಹಿಂದಿನ ದಿನ. ಗ್ಯಾರೇಜಿನ ನೆಲ ತೊಳೆದಿದ್ದರು. ಸ್ಪ್ಯಾನರುಗಳೆಲ್ಲ ಸ್ನಾನ ಮುಗಿಸಿ ಗೋಣಿಚೀಲದ ಮೇಲೆ ಸಾಲಾಗಿ ಮಲಗಿದ್ದವು. ಭೈರೇಶ್ ಬಾಳೆಕಂದು ಕಟ್ಟುತ್ತಿದ್ದ. ರಮ್ಯಶ್ರೀ ಸ್ಟೂಲಿನ ಮೇಲೆ ನಿಂತು ಫ್ಯಾನ್ ಒರೆಸುತ್ತಿದ್ದಳು. ನಮ್ಮ ಗಾಡಿ ಕಂಡದ್ದೇ ಅವಳ ಮುಖ ಅರಳಿತು. ಸುಳ್ಳಲ್ಲ, ಅರಳಿತು. ನಾನು ಕಣ್ಣಾರೆ ನೋಡಿದೆ.

ಬಾಗಿಲ ಪಕ್ಕದ ಕುರ್ಚಿಯಿಂದ ಬೈರಪ್ಪನವರು ಕೇಳಿದರು. “ಏನ್ ಸಾರ್, ಹಬ್ಬದ ಹೊತ್ತಲ್ಲಿ?”

“ಲೈಟ್ ಬಂದಿದೆ ಸಾರ್.”

“ಅದೇ ಲೈಟಾ?”

“ಅದೇ ಸಾರ್! ಅದೇ ಲೈಟು!” ನನ್ನ ದನಿಯಲ್ಲಿ ಎಂಥ ಉತ್ಸಾಹ ಅಂತೀರಿ.

ಬೈರಪ್ಪನವರು ಮಂಡಿ ಹಿಡಿದುಕೊಂಡು ಎದ್ದರು. ನಿಧಾನವಾಗಿ ತಗಡಿನ ಹತ್ತಿರ ನಡೆದರು. ಸೀಮೆಸುಣ್ಣ ತೆಗೆದುಕೊಂಡು ‘ರಮ್ಯ’ ಅನ್ನುವ ಹೆಸರಿನ ಕೆಳಗೆ ಒಂದು ಗೆರೆ ಎಳೆದರು.

ಫ್ಯಾನ್ ಒರೆಸುತ್ತಿದ್ದ ಕೈ ನಿಂತಿತು. ನಾನು ಅವಳ ಕಡೆ ತಿರುಗಿ, ಹಲ್ಲು ಕಿರಿದು, “ಕಂಗ್ರಾಟ್ಸ್” ಅಂದೆ.

ದೇವರಾಣೆಗೂ ಹಾಗೇ ಅಂದೆ.

ಅವಳು ಸ್ಟೂಲಿನಿಂದ ಇಳಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಭೈರೇಶ್ ಬಾಳೆಕಂದು ಬಿಟ್ಟು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ. “ಏನ್ ಗುರು, ಕಂಗ್ರಾಟ್ಸ್ ಅಂತೀರಾ? ಗೆರೆ ಬಿದ್ರೆ ಗಾಡಿ ವಾಪಸ್ ಬಂತು ಅಂತ ಅರ್ಥ. ಒಂದೂ ಬೀಳ್ದಿದ್ರೆ ನಾಳೆ ಬೀಗದ ಕೈ ಅವಳಿಗೆ ಅಂತ ಚಿಕ್ಕಪ್ಪ ಮಾತು ಕೊಟ್ಟಿದ್ರು. ಆರು ತಿಂಗಳು ಕಾಪಾಡ್ಕೊಂಡಿದ್ಳು. ನಾಳೆ ಒಂದಿನ ಬಾಕಿ ಇತ್ತಷ್ಟೇ.” ಗೆದ್ದವನ ಖುಷಿ ಅವನ ಮುಖದಲ್ಲೂ ಇರಲಿಲ್ಲ.

ಕಿರಿದಿದ್ದ ಹಲ್ಲನ್ನು ಮುಚ್ಚಿಕೊಂಡೆ.

ಅವಳು ಸ್ಕ್ಯಾನರ್ ಸಿಕ್ಕಿಸಿದಳು. ಪರದೆ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ನಿಧಾನವಾಗಿ ತಲೆಯೆತ್ತಿ ನನ್ನನ್ನು ನೋಡಿದಳು. ಬಾನೆಟ್ ಎತ್ತಿ, ಎರಡು ಬೆರಳಲ್ಲಿ ಆ ಕನೆಕ್ಟರ್ ಒತ್ತಿದಳು. ಟಕ್ ಅಂತ ಕೂತಿತು. ಕೋಡ್ ಅಳಿಸಿದಳು. ಲೈಟು ಹೋಯಿತು. ಅಪ್ಪನಿಗೆ ಬೆನ್ನು ಮಾಡಿ, ನನಗೆ ಮಾತ್ರ ಕೇಳುವ ಹಾಗೆ ಅಂದಳು.

“ಯಾಕ್ ಸಾರ್ ಹೀಗ್ಮಾಡಿದ್ರಿ?”

ಬೈರಪ್ಪನವರು ಅಲ್ಲೇ ನಿಂತಿದ್ದರು. ನಾನು, ಒಂಬತ್ತು ವರ್ಷ ಮೈಕಿಲ್ಲದೆ ಅರವತ್ತು ಜನಕ್ಕೆ ಪಾಠ ಮಾಡಿದವನು, ಒಂದು ಪದ ಆಡಲಿಲ್ಲ.

“ಆಯ್ತು. ಗಾಡಿ ರೆಡಿ ಇದೆ. ಹೋಗಿ,” ಅಂದಳು. ಕಣ್ಣಲ್ಲಿ ನೀರಿತ್ತು. ತೊಳೆದ ಸ್ಪ್ಯಾನರುಗಳ ಮುಂದೆ ಕೂತು, ಒರೆಸಿದ್ದನ್ನೇ ಮತ್ತೆ ಒರೆಸತೊಡಗಿದಳು.

ನಾನು ಹೊರಟುಬಿಟ್ಟೆ. ಹೇಡಿ ಅಂತ ಬೈಯ್ಯಿರಿ, ಬೈಸಿಕೊಳ್ಳುತ್ತೇನೆ.

ಆದರೆ ಆ ಕಡೆಯಿಂದ ನಮ್ಮ ಮನೆಗೆ ಬರಬೇಕಾದರೆ ಮೊದಲು ಕೆಂಗೇರಿ ಕಡೆ ಹೋಗಿ ಯೂ ಟರ್ನ್ ತೆಗೆದುಕೊಳ್ಳಬೇಕು. ಹಬ್ಬದ ಹಿಂದಿನ ದಿನ, ರಸ್ತೆ ತುಂಬ ಬೂದುಗುಂಬಳದ ರಾಶಿ, ಸೇವಂತಿಗೆ ಹೂವಿನ ಟೆಂಪೋಗಳು. ಗಾಡಿ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಒಂದೂ ದೀಪವಿರಲಿಲ್ಲ. ಆ ಖಾಲಿ ಜಾಗ ನೋಡುತ್ತ ನೋಡುತ್ತ ನನಗೆ ಒಂದು ವಿಷಯ ಹೊಳೆಯಿತು. ಅವಳಿಗೆ ಕೋಡ್ ನೋಡಿದ ಕೂಡಲೇ ಗೊತ್ತಾಗಿದೆ. ‘ಅಪ್ಪ, ಇವರೇ ಕಿತ್ತಿದ್ದಾರೆ’ ಅಂತ ಒಂದು ಮಾತು ಅಂದಿದ್ದರೆ ಗೆರೆ ಅಳಿಸಿಹೋಗುತ್ತಿತ್ತು. ಅನ್ನಲಿಲ್ಲ. ಯಾಕೆ ಅನ್ನಲಿಲ್ಲ?

ಯೂ ಟರ್ನ್ ಮುಗಿಸಿ ವಾಪಸ್ ಬರುವಾಗ ಡಿವೈಡರಿನ ಆಚೆ ಗ್ಯಾರೇಜು ಕಂಡಿತು. ಅವಳು ಇನ್ನೂ ಅದೇ ಜಾಗದಲ್ಲಿ ಕೂತಿದ್ದಳು. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಮನೆಯ ದಾರಿ ಬಿಟ್ಟು ಮತ್ತೆ ತಿರುಗಿಸಿದೆ.

ಗಾಡಿ ಕಂಡ ಕೂಡಲೇ ಬೈರಪ್ಪನವರು ಹುಬ್ಬು ಗಂಟಿಕ್ಕಿದರು. “ಮತ್ತೆ ಬಂತಾ ಲೈಟು?”

“ಇಲ್ಲ ಸಾರ್. ಮೊದ್ಲೂ ಬಂದಿರ್ಲಿಲ್ಲ. ನಾನೇ ಬರಿಸಿದ್ದು.” ಕ್ಲಾಸಿನಲ್ಲಿ ಮಾತಾಡುವ ದನಿಯಲ್ಲೇ ಹೇಳಿದೆ. “ನಿಮ್ಮ ಮಗಳು ಮಾಡಿದ ಕೆಲಸ ನೂರಕ್ಕೆ ನೂರು ಸರಿ ಇತ್ತು. ಕನೆಕ್ಟರ್ ಕಿತ್ತಿದ್ದು ನಾನು. ಆ ಗೆರೆ ಅಳಿಸಿ.”

“ಯಾಕೆ ಕಿತ್ರಿ?”

“ಅವರನ್ನ ಇನ್ನೊಂದ್ಸಲ ನೋಡ್ಬೇಕಿತ್ತು. ನೋಡೋಕೆ ಬೇರೆ ಕಾರಣ ಸಿಗ್ಲಿಲ್ಲ.”

ಬಾಳೆಕಂದು ಭೈರೇಶನ ಕೈಯಿಂದ ಜಾರಿ ಬಿತ್ತು.

ಬೈರಪ್ಪನವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಹುಡುಗಿ ಅತ್ತಳು ಅಂತ ಕನಿಕರಕ್ಕೆ ಸುಳ್ಳು ಹೇಳ್ತಿದ್ದೀರೋ ಏನೋ. ನಾನು ಬಾಯಿ ಮಾತಿಗೆ ಗೆರೆ ಅಳಿಸೋನಲ್ಲ.”

“ಸುಳ್ಳಲ್ಲಪ್ಪ.” ರಮ್ಯಶ್ರೀ ಎದ್ದು ಬಂದಳು. ಸ್ಕ್ಯಾನರಿನಲ್ಲಿ ಹಳೆಯ ರಿಪೋರ್ಟುಗಳನ್ನು ತೆಗೆದು ಅಪ್ಪನ ಮುಂದೆ ಹಿಡಿದಳು. “ಎರಡು ವಾರದ ಹಿಂದೆ ಬಂದಿದ್ದು ಫೋರ್ ಟ್ವೆಂಟಿ. ಇವತ್ತು ಬಂದಿದ್ದು ಒನ್ ಫೋರ್ ಒನ್. ಹಿಂದಿನ ಸೆನ್ಸರ್‌ಗೆ ಕರೆಂಟೇ ಹೋಗ್ತಿರ್ಲಿಲ್ಲ. ಕನೆಕ್ಟರ್ ಬಿಚ್ಚಿದ್ರೆ ಬರೋ ಕೋಡು. ಲೈಟ್ ಅದೇ, ಕಂಪ್ಲೇಂಟ್ ಬೇರೆ.”

ಬೈರಪ್ಪನವರು ಕನ್ನಡಕ ಏರಿಸಿ ಎರಡೂ ನಂಬರನ್ನು ಓದಿದರು. ಮತ್ತೊಮ್ಮೆ ಓದಿದರು. “ಇದು ನಿಂಗೆ ಆಗ್ಲೇ ಗೊತ್ತಾಯ್ತಾ?”

“ಹ್ಞೂಂ.”

“ಮತ್ತೆ ಬಾಯಿ ಬಿಡೋಕೆ ಏನಾಗಿತ್ತೇ? ಗ್ಯಾರೇಜು ಕೈತಪ್ಪಿ ಹೋಗ್ತಿತ್ತಲ್ಲ!”

ಅವಳು ನೆಲ ನೋಡಿದಳು. ಕಿವಿಯ ತುದಿ ಕೆಂಪಾಯಿತು. “ಹೇಳಿದ್ರೆ ನೀನು ಇವರನ್ನ ಮತ್ತೆ ಈ ಕಡೆ ಕಾಲಿಡೋಕೆ ಬಿಡ್ತಿರ್ಲಿಲ್ಲ.”

ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು, ಹಾರನ್ ಹೊಡೆಯುತ್ತಿದ್ದವು. ನನಗೆ ಆ ಒಂದು ವಾಕ್ಯ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಆರು ತಿಂಗಳು ಒಂದು ತಗಡನ್ನು ಖಾಲಿ ಉಳಿಸಿಕೊಂಡವಳು, ನನಗೋಸ್ಕರ ಅದರ ಮೇಲೆ ಗೆರೆ ಬೀಳಲು ಬಿಟ್ಟಿದ್ದಳು. ಅವಳಿಗೆ ನಾನು ಇಷ್ಟ ಅಂತ ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ?

ಬೈರಪ್ಪನವರು ಒದ್ದೆ ಬಟ್ಟೆ ತೆಗೆದುಕೊಂಡು ‘ರಮ್ಯ’ಳ ಕೆಳಗಿನ ಗೆರೆಯನ್ನು ಒರೆಸಿದರು, ಸ್ವಲ್ಪವೂ ಗುರುತು ಉಳಿಯದ ಹಾಗೆ. ಆಮೇಲೆ ಸೀಮೆಸುಣ್ಣ ಹಿಡಿದು ನನ್ನ ಕಡೆ ತಿರುಗಿದರು.

“ಹೆಸರೇನ್ ಸಾರ್ ನಿಮ್ದು?”

“ಅನಿಕೇತ್.”

ತಗಡಿನ ಮೇಲೆ ಮೂರನೆಯ ಹೆಸರು ಬರೆದರು. ‘ಅನಿಕೇತ’. ಅದರ ಕೆಳಗೆ ಬಲವಾಗಿ ಒಂದು ಗೆರೆ ಎಳೆದರು.

“ನಾಳೆ ಒಂಬತ್ತಕ್ಕೆ ಪೂಜೆ. ಮನೆಯೋರನ್ನ ಕರ್ಕೊಂಡ್ ಬನ್ನಿ. ಮಾತಾಡೋದಿದ್ರೆ ದೊಡ್ಡೋರು ಮಾತಾಡ್ತೀವಿ. ಇನ್ನೊಂದು ಗೆರೆ ಬೀಳೋಹಂಗೆ ಮಾಡ್ಕೋಬೇಡಿ.”

ಗಾಡಿಯವರೆಗೂ ಅವಳು ಜೊತೆಗೆ ಬಂದಳು. ಬಾಗಿಲು ತೆಗೆದು ಕೂತೆ. ಕಿಟಕಿಯ ಮೇಲೆ ಕೈಯಿಟ್ಟು ಬಗ್ಗಿದಳು. ಅಳು ಇನ್ನೂ ಪೂರ್ತಿ ಆರಿರಲಿಲ್ಲ, ಆದರೆ ಎಡಹುಬ್ಬು ಮೇಲೆ ಹೋಗಿತ್ತು.

“ಸಾರ್, ಆವತ್ತು ನಾನು ತಪ್ಪು ಹೇಳ್ದೆ.”

“ಏನು?”

“ಗಾಡಿ ಅಲ್ಲ. ಫೋರ್ ಟ್ವೆಂಟಿ ನೀವೇ.”

ಮರುದಿನ ಅಮ್ಮನನ್ನು ಕರೆದುಕೊಂಡು ಹೋದೆ. ಗಾಡಿ ಹತ್ತಿದ್ದೇ ತಡ ಅಮ್ಮನ ಪ್ರಶ್ನೆಗಳು. ಯಾರ ಮನೆ ಹುಡುಗಿ, ಏನು ಓದಿದ್ದಾಳೆ, ಎಣ್ಣೆ ಮಸಿಯ ಕೈಯಲ್ಲಿ ಅಡುಗೆ ಹೇಗೆ ಮಾಡುತ್ತಾಳೆ. “ಅಡುಗೆ ನಾನು ಕಲೀತೀನಿ ಬಿಡಮ್ಮ” ಅಂದೆ. ಅಮ್ಮ ಅತ್ತಿಗುಪ್ಪೆ ದಾಟುವವರೆಗೆ ಮಾತಾಡಲಿಲ್ಲ.

ಗ್ಯಾರೇಜಿನಲ್ಲಿ ಸ್ಪ್ಯಾನರು, ಜಾಕು, ಎಲ್ಲಕ್ಕೂ ಅರಿಶಿನ ಕುಂಕುಮ, ಹೂವು. ಮಂಗಳಾರತಿ ಮುಗಿಯಿತು. ಬೈರಪ್ಪನವರು ತಟ್ಟೆಯಲ್ಲಿದ್ದ ಬೀಗದ ಕೈ ತೆಗೆದು ಮಗಳ ಅಂಗೈಯಲ್ಲಿಟ್ಟರು. ಮೊದಲು ಚಪ್ಪಾಳೆ ತಟ್ಟಿದ್ದು ಭೈರೇಶ್. ಹಸಿರು ರೇಷ್ಮೆ ಸೀರೆಯಲ್ಲಿದ್ದ ಅವಳು ಅಪ್ಪನ ಕಾಲಿಗೆ ಬಗ್ಗಿದಳು. ಎದ್ದಾಗ ಕಣ್ಣು ನೇರ ನನ್ನ ಕಡೆ ಬಂತು, ಬಂದು ಅಲ್ಲೇ ಉಳಿಯಿತು.

ಅಮ್ಮ ಎಲ್ಲವನ್ನೂ ಬಿಗಿ ಮುಖ ಮಾಡಿಕೊಂಡೇ ನೋಡುತ್ತಿದ್ದರು. ಪೂಜೆಗಿಟ್ಟ ಸಾಮಾನುಗಳಿಗೆ ಒಂದೊಂದಾಗಿ ಹೂವು ಏರಿಸುತ್ತ ಹೋದವರು, ಕೊನೆಯಲ್ಲಿದ್ದ ಸ್ಕ್ಯಾನರಿನ ಮುಂದೆ ನಿಂತುಬಿಟ್ಟರು. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಇದು ನನ್ನ ಬಿಂದಿ ಅಲ್ವೇನೇ?”

ಪರದೆಯ ಮೇಲ್ತುದಿಯಲ್ಲಿ, ಸರಿಯಾಗಿ ನಡುಮಧ್ಯೆ, ಆ ದೊಡ್ಡ ಕೆಂಪು ಬಿಂದಿ ಇತ್ತು. ಅಂಚೆಲ್ಲ ಗ್ರೀಸ್ ತಾಗಿ ಕಪ್ಪಾಗಿತ್ತು. ಮೊದಲ ದಿನವೇ ಅಂಟಿಸಿದ್ದಳು. ಅಷ್ಟು ಸಲ ಆ ಸ್ಕ್ಯಾನರ್ ನೋಡಿದ ನನಗೆ ನಂಬರುಗಳು ಮಾತ್ರ ಕಂಡಿದ್ದವು.

“ಹೌದು ಆಂಟಿ,” ಅಂದಳು ರಮ್ಯಶ್ರೀ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. “ಬಿಸಾಕೋಕೆ ಮನಸ್ಸು ಬರ್ಲಿಲ್ಲ.”

ಅಮ್ಮ ಅವಳನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಪರ್ಸ್ ತೆಗೆದು ಹುಡುಕಿ, ಹೊಸ ಬಿಂದಿಯ ಪ್ಯಾಕೆಟ್ಟಿನಿಂದ ಒಂದನ್ನು ಬಿಡಿಸಿ, ಅವಳ ಗಲ್ಲ ಹಿಡಿದು ಹಣೆಗೆ ಇಟ್ಟರು.

“ಅದು ಹಳೇದಾಯ್ತು. ಇದಿರಲಿ,” ಅಂದರು. “ಆಂಟಿ ಅನ್ಬೇಡ. ಅತ್ತೆ ಅನ್ನು.”